ಬಾನೆಟ್ಟಿನ ಒಳಗಿನ ಸೀಮೆಸುಣ್ಣ

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ನಮ್ಮ ಗ್ಯಾರೇಜಿನ ವಾಟ್ಸ್ಯಾಪ್ ಗುಂಪಿನಲ್ಲಿ. ಬೆಳಿಗ್ಗೆ ಆಫೀಸಿನ ಬೀಗ ತೆಗೆದು, ಮೇಜು ಒರೆಸಿ ಕೂರುವಷ್ಟರಲ್ಲಿ ಫೋನು ನಾಲ್ಕೈದು ಸಲ ಸದ್ದು ಮಾಡಿತು. ತೆಗೆದರೆ ಅವರ ಫೋಟೋ, ಸುತ್ತ ಹೂವಿನ ಚೌಕಟ್ಟು, ಕೆಳಗೆ ಉರಿಯುವ ಎರಡು ದೀಪ. ಅದು ಯಾವುದೋ ಆಯುಧಪೂಜೆಯ ದಿನ ತೆಗೆದ ಫೋಟೋ. ಪಕ್ಕದಲ್ಲಿ ನಾನು ನಿಂತಿದ್ದೆ. ನನ್ನನ್ನು ಕತ್ತರಿಸಿ ತೆಗೆದಿದ್ದರು, ಆದರೂ ನನ್ನ ಸೀರೆಯ ಒಂದು ಅಂಚು ಅವರ ಭುಜದ ಹತ್ತಿರ ಉಳಿದುಕೊಂಡಿತ್ತು.

ಗುಂಪಿನ ತುಂಬ ಸಾಲು ಸಾಲು ಕೈಮುಗಿದ ಚಿತ್ರಗಳು. ಬದುಕಿದ್ದಾಗ ಬೆನ್ನ ಹಿಂದೆ ನಗುತ್ತಿದ್ದವರೇ ಮೊದಲು ಕೈ ಮುಗಿದಿದ್ದರು. ಎದೆನೋವು ಅಂತ ಗುಬ್ಬಿಯಲ್ಲಿ ತಮ್ಮದೇ ರಿಪೇರಿ ಶೆಡ್ಡಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲವಂತೆ. ನಮ್ಮಲ್ಲಿ ಹಿಂದೆ ಪೇಂಟಿಂಗ್ ಮಾಡುತ್ತಿದ್ದ ಒಬ್ಬ ಉದ್ದಕ್ಕೆ ಬರೆದಿದ್ದ: ‘ಅಂಥಾ ಕೆಲಸಗಾರ ಇನ್ನು ಹುಟ್ಟಲ್ಲ. ಕುಣಿಗಲ್ ಗಾಡಿ ವಿಷಯದಲ್ಲಿ ಒಂದೇ ಒಂದು ತಪ್ಪು ಮಾಡಿ ಹಾಳಾಗಿ ಹೋದರು ಪಾಪ.’

ಆ ತಪ್ಪು ಅವರದಲ್ಲ, ನನ್ನದು. ಇದು ಗೊತ್ತಿದ್ದದ್ದು ಭೂಮಿಯ ಮೇಲೆ ಇಬ್ಬರಿಗೆ, ಅವರಿಗೆ ಮತ್ತು ನನಗೆ. ಅವರು ಹೋದರು. ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ, ತನ್ನ ಅಕ್ಕನನ್ನು ಕೊಂದದ್ದು ಅವರೇ ಎಂದು ಆರು ವರ್ಷಗಳಿಂದ ನಂಬಿಕೊಂಡಿರುವ ಮನುಷ್ಯನೊಬ್ಬನಿದ್ದ. ಅವನಿಗೆ ನಿಜ ಹೇಳುವುದಾದರೆ ಹೇಳಬೇಕಾದವಳು ಇನ್ನು ನಾನೊಬ್ಬಳೇ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರಲ್ಲ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಆಟೋ ಎಲೆಕ್ಟ್ರಿಷಿಯನ್. ಆದರೆ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಯಾವಾಗಲೂ ಎರಡು ತುಂಡು ಸೀಮೆಸುಣ್ಣ ಇರುತ್ತಿದ್ದವು. ಆ ಜೇಬು ಎಷ್ಟು ಒಗೆದರೂ ಬಿಳಿಚಿಕೊಂಡೇ ಇರುತ್ತಿತ್ತು. ಕುಳ್ಳಗಿನ ಆಳು, ಕಿವಿಯ ತುಂಬ ಕೂದಲು, ಬ್ಯಾಟರಿ ಆಸಿಡ್ ಬಿದ್ದು ತೂತಾದ ಪ್ಯಾಂಟು. ಗುಬ್ಬಿಯಿಂದ ದಿನಾ ಬಸ್ಸಿಗೆ ಬಂದು, ಬಂದ ಕೂಡಲೇ ಚಪ್ಪಲಿ ಕಳಚಿ ಒಂದು ಹಳೆಯ ಟೈರಿನ ಒಳಗೆ ಇಟ್ಟು ಕೆಲಸಕ್ಕೆ ನಿಲ್ಲುತ್ತಿದ್ದರು. ಬರಿಗಾಲಲ್ಲಿ ನಿಂತರೆ ಕರೆಂಟು ಹೊಡೆಯುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಹನ್ನೆರಡು ವೋಲ್ಟು ಹೊಡೆದರೆ ಕಚಗುಳಿಯೂ ಆಗುವುದಿಲ್ಲ, ನಿನ್ನ ಓನರ್ ಬೈದರೆ ಅದಕ್ಕಿಂತ ಜೋರಾಗಿ ಹೊಡೆಯುತ್ತದೆ ಎಂದಿದ್ದರು.

ನಮ್ಮದು ತುಮಕೂರಿನ ರಿಂಗ್ ರೋಡಿನ ಪಕ್ಕ, ಎಲ್ಲ ಕಂಪನಿಯ ಗಾಡಿಗಳನ್ನೂ ನೋಡುವ ಗ್ಯಾರೇಜು. ನಾನು ಊರ್ಡಿಗೆರೆಯವಳು. ಮದುವೆಯಾದ ಮೇಲೆ ಸದಾಶಿವನಗರದಲ್ಲಿ ಬಾಡಿಗೆ ಮನೆ ಮಾಡಿ, ಈ ಗ್ಯಾರೇಜಿನ ಕೌಂಟರಿಗೆ ಸೇರಿದೆ. ಗಿರಾಕಿಯ ದೂರು, ವಿಳಾಸ, ನಂಬರು ಕೇಳಿ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು, ಗಾಡಿ ರೆಡಿಯಾದರೆ ಫೋನು ಮಾಡುವುದು, ರೆಡಿಯಾಗದಿದ್ದರೆ ಬೈಸಿಕೊಳ್ಳುವುದು ನನ್ನ ಕೆಲಸ. ಮೊದಲ ಆರು ತಿಂಗಳು ನನಗೆ ಬ್ಯಾಟರಿಗೂ ರೇಡಿಯೇಟರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ತಿಳಿಸಿಕೊಟ್ಟವರು ಅವರು. ಸುಲಭವಾಗಿ ಅಲ್ಲ. ಒಂದು ಪ್ರಶ್ನೆ ಎರಡನೇ ಸಲ ಕೇಳಿದರೆ ಮುಖ ತಿರುಗಿಸಿಬಿಡುತ್ತಿದ್ದರು.

ಅವರಿಗೆ ತುಂಬಾ ಇಷ್ಟವಾಗಿದ್ದ ರೋಗ ಒಂದಿತ್ತು. ಬೇರೆಯವರು ಕಂಡರೆ ಓಡಿಹೋಗುತ್ತಿದ್ದ ರೋಗ ಅದು. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಇರುವುದಿಲ್ಲ. ಒಳಗಿನ ಗಾಳಿ ಒತ್ತಡಕ್ಕೆ ಕಾದು, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಕಾವು ಸಾಲದೆ ಹೋದರೆ ಬೆರಳುದ್ದದ ಕಡ್ಡಿಗಳು ಒಳಗೆ ಕೆಂಪಗೆ ಕಾದು ಕೈ ಹಿಡಿಯುತ್ತವೆ. ಗ್ಲೋ ಪ್ಲಗ್ ಎಂದು ಅವುಗಳ ಹೆಸರು, ನಮ್ಮವರ ಬಾಯಲ್ಲಿ ಹೀಟರ್ ಪ್ಲಗ್. ಅವನ್ನು ಎಷ್ಟು ಹೊತ್ತು ಕಾಯಿಸಬೇಕು ಎಂದು ನೋಡಿಕೊಳ್ಳಲು ಒಂದು ಸಣ್ಣ ಪೆಟ್ಟಿಗೆ ಇರುತ್ತದೆ, ಕಂಟ್ರೋಲರ್. ಎಂಜಿನ್ನಿನ ಕಂಪ್ಯೂಟರು ಒಂದು ತೆಳ್ಳನೆಯ ವೈರಿನಲ್ಲಿ ಆ ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಉತ್ತರ ಕೊಡುತ್ತದೆ. ಉತ್ತರ ಬರದಿದ್ದರೆ ಡ್ರೈವರನ ಮುಂದೆ ಸುರುಳಿ ಆಕಾರದ ಹಳದಿ ದೀಪ ಮಿಣುಕುತ್ತದೆ, ಸ್ಕ್ಯಾನರ್ ಸಿಕ್ಕಿಸಿದರೆ ಒಂದು ಕೋಡ್ ತೋರಿಸುತ್ತದೆ.

“ಎರಡೂ ಟೂ ಬಿಟ್ಟವೆ ಕಣಮ್ಮ,” ಎನ್ನುತ್ತಿದ್ದರು ಅವರು, ಆ ಕೋಡ್ ನೋಡಿದಾಗ. “ಯಾಕೆ ಬಿಟ್ಟವೆ ಅಂತ ಕೇಳ್ದೆ ಪೆಟ್ಟಿಗೆ ಬದಲಾಯಿಸಿದ್ರೆ ಹೊಸ ಪೆಟ್ಟಿಗೇನೂ ಟೂ ಬಿಡ್ತದೆ.”

ಮೊದಲು ಪ್ಲಗ್ ಬದಲಾಯಿಸು, ಹೋಗದಿದ್ದರೆ ಪೆಟ್ಟಿಗೆ ಬದಲಾಯಿಸು, ಅದಕ್ಕೂ ಹೋಗದಿದ್ದರೆ ಕಂಪ್ಯೂಟರೇ ಹೋಗಿದೆ ಎಂದು ಹೇಳು. ಊರಿನ ಅರ್ಧ ಗ್ಯಾರೇಜುಗಳ ದಾರಿ ಇದು. ಅವರ ದಾರಿ ಬೇರೆ. ಮೊದಲು ಆ ಪೆಟ್ಟಿಗೆಗೆ ಕರೆಂಟು ಬರುತ್ತಿದೆಯೇ, ಫ್ಯೂಸ್ ಸರಿಯಿದೆಯೇ, ಅರ್ತ್ ಗಟ್ಟಿಯಾಗಿ ಕೂತಿದೆಯೇ ನೋಡುತ್ತಿದ್ದರು. ಹೊಟ್ಟೆಗೆ ಹಾಕದೆ ಯಾರನ್ನಾದರೂ ಮಾತಾಡು ಎಂದರೆ ಎಲ್ಲಿಂದ ಮಾತಾಡುತ್ತಾರೆ ಎನ್ನುವುದು ಅವರ ಮಾತು. ಆಮೇಲೆ ವೈರು. ಸೂಜಿ ಚುಚ್ಚಿ ಪರೀಕ್ಷೆ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಆ ತೂತಿನಿಂದ ನೀರು ಹೋಗಿ ಮುಂದಿನ ಮಳೆಗಾಲಕ್ಕೆ ಒಳಗೇ ಕೊಳೆಯುತ್ತದೆ ಎಂದು. ಅವರು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ವೈರನ್ನು ಉದ್ದಕ್ಕೂ ಒತ್ತುತ್ತಾ ಹೋಗುತ್ತಿದ್ದರು, ಅವರೆಕಾಯಿಯಲ್ಲಿ ಹುಳ ಇದೆಯಾ ಎಂದು ಒತ್ತಿ ನೋಡುವ ಹಾಗೆ. ಎಲ್ಲೋ ಒಂದು ಕಡೆ ಹೆಬ್ಬೆರಳು ನಿಲ್ಲುತ್ತಿತ್ತು.

ದೇವರಾಯನದುರ್ಗದ ಕಡೆಯಿಂದ ಒಬ್ಬರು ರಿಟೈರ್ಡ್ ಮನುಷ್ಯ ಒಂದು ಕಾರು ತಂದಿದ್ದರು. ಮೂರು ಗ್ಯಾರೇಜು ಸುತ್ತಿದ್ದ ಕಾರು. ನಾಲ್ಕು ಪ್ಲಗ್ ಹೊಸದು, ಪೆಟ್ಟಿಗೆ ಹೊಸದು, ದೀಪ ಮಾತ್ರ ಹಳೆಯದೇ. ಇವರು ಬಾನೆಟ್ ಎತ್ತಿ ಹತ್ತು ನಿಮಿಷ ಸುಮ್ಮನೆ ನೋಡುತ್ತಾ ನಿಂತರು. ಆಮೇಲೆ ಊಟದ ಡಬ್ಬಿಯ ಜೊತೆ ಇಟ್ಟುಕೊಂಡಿದ್ದ ಈರುಳ್ಳಿ ಹೆಚ್ಚುವ ಚಾಕು ತಂದು, ಒಂದು ಬೋಲ್ಟು ಬಿಚ್ಚಿ, ಅದರ ಅಡಿಯ ಬಣ್ಣವನ್ನು ಕೆರೆದು, ಮತ್ತೆ ಬಿಗಿ ಮಾಡಿದರು. ಯಾವಾಗಲೋ ಆಕ್ಸಿಡೆಂಟಾಗಿ ಬಣ್ಣ ಹೊಡೆಸಿದಾಗ ಅರ್ತ್ ಕೂರುವ ಜಾಗಕ್ಕೂ ಬಣ್ಣ ಬಿದ್ದಿತ್ತು. ಪೆಟ್ಟಿಗೆ ಮಾತಾಡಿತು. ಆ ರಿಟೈರ್ಡ್ ಮನುಷ್ಯನಿಗೆ ಸಂತೋಷವಾಗುವ ಬದಲು ಸಿಟ್ಟು ಬಂತು. ಇಷ್ಟೇನಾ ಎಂದರು. ಇಷ್ಟೇ ಎಂದು ಹೇಳುವುದಕ್ಕೆ ಮೂವತ್ತು ವರ್ಷ ಬೇಕು ಎಂದು ಅವರು ಹೇಳಬಹುದಿತ್ತು. ಅದೇ ಚಾಕು ತೊಳೆದು ಈರುಳ್ಳಿ ಹೆಚ್ಚಿಕೊಂಡು ಮುದ್ದೆ ಉಂಡರು.

ಸೀಮೆಸುಣ್ಣದ ವಿಷಯ ಹೇಳಬೇಕು. ಸ್ಕ್ಯಾನರಿನಲ್ಲಿ ಒಂದು ಗುಂಡಿ ಒತ್ತಿದರೆ ಕೋಡ್ ಅಳಿಸಿಹೋಗುತ್ತದೆ, ದೀಪವೂ ಆರುತ್ತದೆ. ರೋಗ ಅಲ್ಲೇ ಇರುತ್ತದೆ. ಇನ್ನೊಂದು ದಿನವೋ ಎರಡು ದಿನವೋ ಬಿಟ್ಟು ದೀಪ ಮತ್ತೆ ಹತ್ತುವಷ್ಟರಲ್ಲಿ ಗಾಡಿ ಗಿರಾಕಿಯ ಮನೆಯಲ್ಲಿರುತ್ತದೆ. ಹೀಗೆ ದೀಪ ಆರಿಸಿ ಕಳಿಸುವುದು ಎಲ್ಲರೂ ಮಾಡುವ ಕೆಲಸ. ಅವರು ಅದನ್ನು ತಡೆಯಲು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಕೋಡ್ ಕಂಡ ಕೂಡಲೇ ಅದನ್ನು ಬಾನೆಟ್ಟಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ದಪ್ಪಗೆ ಬರೆಯುತ್ತಿದ್ದರು. ರಿಪೇರಿಯಾದ ಮೇಲೆ ಗಾಡಿಯನ್ನು ಒಂದು ರಾತ್ರಿ ಗ್ಯಾರೇಜಿನಲ್ಲೇ ನಿಲ್ಲಿಸಿ, ಬೆಳಿಗ್ಗೆ ಬಂದು, ಯಾರೂ ಮುಟ್ಟುವ ಮೊದಲು ತಣ್ಣಗಿರುವಾಗ ತಾವೇ ಸ್ಟಾರ್ಟ್ ಮಾಡುತ್ತಿದ್ದರು. ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ದೀಪ ಬರದಿದ್ದರೆ, ಆಗ ಅಂಗೈಯಲ್ಲಿ ಸೀಮೆಸುಣ್ಣ ಒರೆಸುತ್ತಿದ್ದರು. ಬಾನೆಟ್ಟಿನ ಒಳಗೆ ಬರೆದದ್ದು ಇರುವ ತನಕ ಗಾಡಿ ಗೇಟು ದಾಟುವಂತಿಲ್ಲ. ಬಿಸಿ ಎಂಜಿನ್ನು ಸುಳ್ಳು ಹೇಳುತ್ತದೆ, ಅದನ್ನು ನಂಬಬೇಡ ಎಂದು ನನಗೆ ಎಷ್ಟು ಸಲ ಹೇಳಿದ್ದರೋ.

ಇದರಿಂದ ನನಗೆ ಎಷ್ಟು ಕಷ್ಟವಾಗುತ್ತಿತ್ತು ಎಂದೂ ಹೇಳಬೇಕು, ಸತ್ತವರನ್ನು ದೇವರು ಮಾಡುವ ಅಭ್ಯಾಸ ನನಗಿಲ್ಲ. ಒಂದು ಗಾಡಿ ಎರಡು ದಿನ ನಿಂತರೆ ಬೈಗುಳ ತಿನ್ನುವವಳು ನಾನು. ಅವರು ಗಿರಾಕಿಯ ಮುಖವನ್ನೂ ನೋಡುತ್ತಿರಲಿಲ್ಲ. ತಾವು ಬರೆದದ್ದನ್ನು ಯಾರಾದರೂ ಮುಟ್ಟಿದರೆ ಮೂರು ದಿನ ಮಾತು ಬಿಡುತ್ತಿದ್ದರು. ಹೊಸದಾಗಿ ಸೇರಿದ ಒಬ್ಬ ಮೆಕ್ಯಾನಿಕ್ ಗೊತ್ತಿಲ್ಲದೆ ಒರೆಸಿದ್ದಕ್ಕೆ ಎಲ್ಲರ ಮುಂದೆ ಅವನಿಂದ ಅದನ್ನೇ ಇಪ್ಪತ್ತು ಸಲ ನೆಲದ ಮೇಲೆ ಬರೆಸಿದ್ದರು. ಅವನು ಮಾರನೇ ದಿನ ಕೆಲಸ ಬಿಟ್ಟ. ಅಷ್ಟು ಹಟ ಬೇಕಾಗಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ಕುಣಿಗಲ್ ಕಡೆಯ ಆ ಮನುಷ್ಯ ಬಂದದ್ದು ಧನುರ್ಮಾಸದ ಒಂದು ಬುಧವಾರ. ಒಂದಿಷ್ಟು ತೆಂಗಿನ ತೋಟ, ಜೊತೆಗೆ ಬಾಡಿಗೆಗೆ ಓಡಿಸುವ ಒಂದು ಹಳೆಯ ಡೀಸೆಲ್ ಗಾಡಿ ಅವನದು. ಅವನ ಅಕ್ಕನ ಎರಡೂ ಕಿಡ್ನಿ ಹೋಗಿದ್ದವು. ಗಂಡ ಬಿಟ್ಟು ಬಂದ ಅಕ್ಕ, ತಮ್ಮನ ಮನೆಯಲ್ಲಿದ್ದಳು. ಪ್ರತಿ ಸೋಮವಾರ, ಗುರುವಾರ ಬೆಳಿಗ್ಗೆ ಐದಕ್ಕೆ ಹೊರಟು ಅವಳನ್ನು ತುಮಕೂರಿಗೆ ಡಯಾಲಿಸಿಸ್‌ಗೆ ಕರೆತರುತ್ತಿದ್ದ. ಆ ವಾರ ಹಳದಿ ದೀಪ ಮಿಣುಕಲು ಶುರುವಾಗಿ, ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗಲು ತುಂಬಾ ಸತಾಯಿಸಿತಂತೆ. ಹೊಸ ಗಾಡಿಯಾದರೆ ನಮ್ಮ ಕಡೆಯ ಚಳಿಗೆ ಹೀಟರ್ ಇಲ್ಲದೆಯೂ ಹೇಗೋ ಎದ್ದುಬಿಡುತ್ತದೆ. ಇದು ಸವೆದ ಎಂಜಿನ್ನು, ಬ್ಯಾಟರಿಯೂ ಹಳೆಯದು.

ಮೇಷ್ಟ್ರು ನೋಡಿದರು. ಬಾನೆಟ್ಟಿನ ಒಳಗೆ ಬರೆದರು. ಕರೆಂಟು ಸರಿಯಿತ್ತು, ಅರ್ತ್ ಸರಿಯಿತ್ತು. ವೈರಿನಲ್ಲಿ ಎಲ್ಲೋ ತೊಂದರೆ, ಆದರೆ ಎಂಜಿನ್ ಬಿಸಿಯಾಗಿದ್ದರಿಂದ ಪೆಟ್ಟಿಗೆ ಆಗ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ಅಂದು ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾನು ಕಂಡ ಹಾಗೆ ಮೊದಲ ಸಲ ಅವರು ಕೆಲಸ ಅರ್ಧಕ್ಕೆ ಬಿಟ್ಟು ಸಂಜೆ ಐದು ಗಂಟೆಯ ಬಸ್ಸಿಗೆ ಹೊರಟರು. ಚಪ್ಪಲಿ ಮೆಟ್ಟಿಕೊಂಡು ಕೌಂಟರಿನ ಹತ್ತಿರ ಬಂದು, “ಆ ಗಾಡಿ ಕೊಡ್ಬ್ಯಾಡ ಕಣಮ್ಮ. ತಣ್ಣಗಾದ್ ಮ್ಯಾಲೆ ನೋಡ್ಬೇಕು. ನಾಳೀಕೆ ಬ್ಯಾರೆ ಗಾಡಿ ಮಾಡ್ಕಳಪ್ಪ ಅಂತ ಅವ್ನಿಗೆ ಹೇಳ್ಬುಡು,” ಎಂದರು. ಆಯ್ತಣ್ಣ ಎಂದೆ.

ಹೇಳಲಿಲ್ಲ. ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ದೊಡ್ಡ ಕಾರಣ ಒಂದೂ ಸಿಗುವುದಿಲ್ಲ. ಮಾರನೇ ದಿನ ಚಾವಣಿಗೆ ಶೀಟು ಹಾಕಲು ಜನ ಬರುತ್ತಾರೆ, ಅಂಗಳ ಖಾಲಿ ಮಾಡಿಸು ಎಂದು ಓನರ್ ಎರಡು ಸಲ ಹೇಳಿದ್ದರು. ಬೆಂಚಿನ ಮೇಲೆ ಅವನು ಮಧ್ಯಾಹ್ನದಿಂದ ಕಾದು ಕೂತಿದ್ದ, ಅವನಿಗೆ ಇಲ್ಲ ಎಂದು ಹೇಳಿ ಮತ್ತೆ ಮುಖ ನೋಡುವುದು ನನಗೆ ಬೇಡವಾಗಿತ್ತು. ಸ್ಕ್ಯಾನರ್ ಹಿಡಿಯುವುದನ್ನು ಮೇಷ್ಟ್ರೇ ನನಗೆ ಆಗ ತಾನೇ ಕಲಿಸಿದ್ದರು, ಆ ಜಂಬವೂ ಇತ್ತು. ಸಿಕ್ಕಿಸಿದೆ, ಗುಂಡಿ ಒತ್ತಿದೆ, ದೀಪ ಹೋಯಿತು. ಕೀ ತಿರುಗಿಸಿದೆ, ಬಿಸಿ ಎಂಜಿನ್ನು ಅರ್ಧ ಸುತ್ತಿಗೇ ಎದ್ದಿತು. ವೇಸ್ಟ್ ಬಟ್ಟೆ ಒದ್ದೆ ಮಾಡಿಕೊಂಡು ಬಾನೆಟ್ಟಿನ ಒಳಗೆ ಬರೆದಿದ್ದನ್ನು ಒರೆಸಿದೆ.

ಅವನು ಕೀ ತೆಗೆದುಕೊಳ್ಳುವಾಗ ಒಂದು ಮಾತು ಕೇಳಿದ. “ಮೇಡಂ, ನಾಳೆ ಬೆಳಿಗ್ಗೆ ಅಕ್ಕನ್ನ ಕರ್ಕೊಂಡ್ ಬರ್ಬೇಕು. ಒಂದ್ ಚೂರು ಡೌಟಿದ್ರೂ ಹೇಳ್ಬುಡಿ, ಬೇರೆ ಗಾಡಿಗೆ ಹೇಳ್ತೀನಿ.”

“ಏನೂ ಇಲ್ಲ ತಗೊಂಡ್ ಹೋಗಿ. ಮೇಷ್ಟ್ರೇ ನೋಡಿ ಸರಿ ಇದೆ ಅಂದವ್ರೆ,” ಎಂದೆ.

ಮರುದಿನ ಅವರು ಬೆಳಗಿನ ಬಸ್ಸಿಗೆ ಬಂದು, ಚಪ್ಪಲಿ ಕಳಚಿ, ನೇರವಾಗಿ ಆ ಗಾಡಿ ನಿಂತಿದ್ದ ಜಾಗಕ್ಕೆ ಹೋದರು. ಜಾಗ ಖಾಲಿ. ಅವನೇ ಹಟ ಮಾಡಿ ತೆಗೆದುಕೊಂಡು ಹೋದ ಎಂದು ನಾನು ಇನ್ನೊಂದು ಸುಳ್ಳು ಹೇಳಿದೆ. ಜಾಬ್ ಕಾರ್ಡು ಈಸಿಕೊಂಡು ಅದರಲ್ಲಿದ್ದ ನಂಬರಿಗೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ. ಐದಾರು ಸಲ ಮಾಡಿದರು. ಆ ಹೊತ್ತಿಗೆ ಅಲ್ಲಿ ಅವನು ಕೀ ತಿರುಗಿಸಿ ತಿರುಗಿಸಿ ಬ್ಯಾಟರಿ ಮುಗಿಸಿ, ಊರವರಿಂದ ತಳ್ಳಿಸಿ, ಅದೂ ಆಗದೆ ಬೇರೆ ಗಾಡಿ ಹುಡುಕುತ್ತಾ ಓಡಾಡುತ್ತಿದ್ದನಂತೆ. ಗಾಡಿ ಸಿಕ್ಕಿ ಇಲ್ಲಿ ಬಂದು ಮುಟ್ಟುವಷ್ಟರಲ್ಲಿ ಅಕ್ಕನ ಸರದಿ ಬೇರೆಯವರಿಗೆ ಹೋಗಿತ್ತು. ಮಷೀನು ಖಾಲಿಯಿಲ್ಲ, ಶನಿವಾರ ಬೆಳಿಗ್ಗೆ ಬನ್ನಿ ಎಂದರಂತೆ. ಇನ್ನೆರಡು ದಿನ ತಾನೇ ಬುಡು ಎಂದು ಅಕ್ಕನೇ ತಮ್ಮನಿಗೆ ಸಮಾಧಾನ ಹೇಳಿ ವಾಪಸು ಕರೆದುಕೊಂಡು ಹೋದಳಂತೆ. ಶುಕ್ರವಾರ ಸಂಜೆ ಅವಳಿಗೆ ಉಸಿರು ಕಟ್ಟಿತು. ತುಮಕೂರಿಗೆ ತರುವ ದಾರಿಯಲ್ಲಿ ಹೆಬ್ಬೂರು ದಾಟುವ ಮೊದಲೇ ಹೋಗಿಬಿಟ್ಟಳು.

ಸೋಮವಾರ ಅವನು ಬಂದ. ಕೂಗಾಡುತ್ತಾನೆ ಎಂದು ಎಲ್ಲರೂ ಕೆಲಸ ನಿಲ್ಲಿಸಿ ನಿಂತರು. ಅವನು ಕೂಗಲಿಲ್ಲ. ಮೇಷ್ಟ್ರು ಯಾರು ಎಂದು ಕೇಳಿದ. ಅವರು ಬರಿಗಾಲಲ್ಲಿ ಮುಂದೆ ಬಂದರು.

“ಗಾಡಿ ಸರಿ ಇದೆ ಅಂತ ನೀವೇ ಅಂದ್ರಂತೆ, ಹೌದಾ?” ಎಂದ.

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ನಾನು ಕೌಂಟರಿನ ಗಾಜಿನ ಹಿಂದೆ ಇದ್ದೆ. ನಾನು ಅವರ ಹೆಸರು ಹೇಳಿ ಗಾಡಿ ಕಳಿಸಿದ್ದೇನೆ ಎಂದು ಅವರಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ನಾನು ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಅವರು ಕಾದರು. ಅದು ನನಗೆ ಗೊತ್ತಿದೆ, ಕಾದರು. ನಾನು ತೆರೆಯಲಿಲ್ಲ.

“ಹೂಂ ಕಣಪ್ಪ, ನಾನೇ ಅಂದಿದ್ದು,” ಎಂದರು ಅವರು.

ಅವನು ಅವರ ಕಾಲ ಬಳಿ ಉಗಿದು ಹೊರಟುಹೋದ. ಸಂಜೆಗೆ ಓನರ್ ಅವರನ್ನು ಕರೆದು ನಾಳೆಯಿಂದ ಬರಬೇಡಿ ಎಂದರು. ಅವರು ತಮ್ಮ ಮೀಟರು, ಇಕ್ಕಳ, ಚಾಕು ಎಲ್ಲವನ್ನೂ ಒಂದು ಅಕ್ಕಿ ಚೀಲಕ್ಕೆ ತುಂಬಿಕೊಳ್ಳುವಾಗ ನಾನು ಹತ್ತಿರ ಹೋಗಿ, ಯಾಕಣ್ಣ ಹಂಗಂದ್ರಿ ಎಂದು ಕೇಳಿದೆ. ನನಗೆ ಅಳು ಬರುತ್ತಿತ್ತು. ಅವರು ನನ್ನನ್ನು ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆನೋ ಏನೋ.

“ದೀಪ ಆರ್ಸಿದ್ದು ನೀನು. ವೈರು ನನ್ ಕೆಲ್ಸ. ಅದ್ನ ಬುಟ್ಟು ಐದ್ ಗಂಟೆ ಬಸ್ಸಿಗೆ ಓಡ್ದೋನು ನಾನು,” ಎಂದರು. ಚೀಲದ ಬಾಯಿ ಕಟ್ಟಿದರು. ಆಮೇಲೆ ತಲೆ ಎತ್ತದೆ, “ಆದ್ರೆ ನನ್ ಹೆಸ್ರು ಯಾಕವ್ವ ಹೇಳ್ದೆ?” ಎಂದು ಕೇಳಿದರು.

ಚೀಲ ಹೆಗಲಿಗೇರಿಸಿಕೊಂಡು, ಅವನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಹೇಳಲು ಹೋಗುವುದಿಲ್ಲ ಎಂದು ಹೇಳಿ ಗೇಟು ದಾಟಿದರು. ಟೈರಿನ ಒಳಗೆ ಚಪ್ಪಲಿ ಮರೆತು ಹೋಗಿದ್ದರು. ನಾನು ಓಡಿ ಹೋಗಿ ಕೊಟ್ಟೆ, ತೆಗೆದುಕೊಂಡರು.

ಆಮೇಲೆ ಗುಬ್ಬಿಯಲ್ಲೇ ಒಂದು ತಗಡಿನ ಶೆಡ್ಡು ಹಾಕಿಕೊಂಡರು. ಮಗಳನ್ನು ನೋಡಲು ಬಂದಿದ್ದವರು ಈ ಸುದ್ದಿ ಕೇಳಿ ಹಿಂದೆ ಸರಿದರಂತೆ, ಎರಡು ವರ್ಷದ ಮೇಲೆ ಬೇರೆ ಕಡೆ ಮದುವೆಯಾಯಿತು. ನಮ್ಮಲ್ಲಿ ಯಾರಿಗೂ ಬಗೆಹರಿಯದ ಗಾಡಿಗಳನ್ನು ನಾನು ಅವರ ಹತ್ತಿರ ಕಳಿಸುತ್ತಿದ್ದೆ. ಫೋನು ಮಾಡಿದರೆ, ಯಾವ ಗಾಡಿ, ಈಗ ಬಿಸಿ ಇದೆಯೋ ತಣ್ಣಗಿದೆಯೋ ಎಂದು ಕೇಳುತ್ತಿದ್ದರು. ಹೇಗಿದ್ದೀಯ ಎಂದು ಒಂದು ಸಲವೂ ಕೇಳಲಿಲ್ಲ. ಕೆಲಸ ಬಿಟ್ಟ ಎರಡು ವಾರಕ್ಕೆ ಮಾತ್ರ ಅವರೇ ಫೋನು ಮಾಡಿದ್ದರು. ಆ ಕುಣಿಗಲ್ ಗಾಡಿಯನ್ನು ಅವನ ಊರಿಗೇ ಹೋಗಿ ನೋಡಿ ಸರಿ ಮಾಡಿದೆ, ಬ್ಯಾಟರಿ ಟ್ರೇ ಅಡಿಯಲ್ಲಿ ವೈರು ಉಜ್ಜಿ ಉಜ್ಜಿ ಹಸಿರುಗಟ್ಟಿತ್ತು, ಬಿಸಿಯಿದ್ದಾಗ ಮುಟ್ಟುತ್ತದೆ, ತಣ್ಣಗಾದರೆ ಬಿಡುತ್ತದೆ, ಒಂದು ಇಂಚು ಅಷ್ಟೇ ಎಂದರು. ನಾನು ಏನಾದರೂ ಹೇಳುವ ಮೊದಲು ಫೋನು ಇಟ್ಟರು.

ನಾನು ಅದೇ ಕೌಂಟರಿನಲ್ಲಿ ಮುಂದುವರಿದೆ. ಈಗ ನನ್ನನ್ನು ಮ್ಯಾನೇಜರ್ ಎನ್ನುತ್ತಾರೆ. ಕುಣಿಗಲ್ ರಸ್ತೆಯಲ್ಲಿ ಹೋಗಬೇಕಾದ ಮದುವೆ ಮುಂಜಿಗಳಿಗೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡೆ. ಮುಂದಿನ ವಾರ ಹೇಳುತ್ತೇನೆ, ಹಬ್ಬ ಕಳೆಯಲಿ, ಮಗುವಿನ ಪರೀಕ್ಷೆ ಮುಗಿಯಲಿ ಎಂದುಕೊಳ್ಳುತ್ತಲೇ ಆರು ಚಳಿಗಾಲ ಕಳೆದವು. ನಾನು ಹೇಡಿ ಎನ್ನುವುದಕ್ಕೆ ಇಷ್ಟು ಸಾಕು.

ಅವರ ತಿಥಿಗೆ ಎರಡು ದಿನ ಇರುವಾಗ ನಾನು ಆ ಹಳ್ಳಿಗೆ ಹೋದೆ. ಜಾಬ್ ಕಾರ್ಡಿನ ವಿಳಾಸ ನನಗೆ ಬಾಯಿಪಾಠವಾಗಿತ್ತು. ಅವನು ಮನೆಯ ಮುಂದೆ ತೆಂಗಿನಕಾಯಿ ಸುಲಿಯುತ್ತಿದ್ದ. ಪಕ್ಕದ ಚಪ್ಪರದಲ್ಲಿ ಅದೇ ಗಾಡಿ ನಿಂತಿತ್ತು. ಗುರುತು ಹೇಳಿದ ಮೇಲೆ ಮುಖ ಬಿಗಿಯಾಯಿತು. ಅವನ ಹೆಂಡತಿ ತಂದ ಬೆಲ್ಲ ನೀರನ್ನು ನಾನು ಮುಟ್ಟದೆ ಪಕ್ಕಕ್ಕಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಮೇಷ್ಟ್ರು ಕೊಡಬೇಡ ಎಂದದ್ದು, ನಾನು ದೀಪ ಆರಿಸಿದ್ದು, ಒರೆಸಿದ್ದು, ಅವರ ಹೆಸರು ಹೇಳಿದ್ದು, ಗಾಜಿನ ಹಿಂದೆ ಸುಮ್ಮನೆ ನಿಂತದ್ದು. ಅವರು ತೀರಿಕೊಂಡರು, ನಾಡಿದ್ದು ತಿಥಿ ಎಂಬುದನ್ನೂ ಹೇಳಿದೆ.

ಅವನು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದ. ಇನ್ನೊಂದನ್ನು ತೆಗೆದುಕೊಂಡ, ಸುಲಿಯಲಿಲ್ಲ.

“ವರ್ಷಾ ವರ್ಷಾ ಚಳಿ ಶುರುವಾದಾಗ ಬರೋರು ಆ ಯಪ್ಪ,” ಎಂದ. “ಫಸ್ಟ್ ಬಸ್ಸಿಗೆ ಬಂದು ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ ನೋಡಿ, ಏನೂ ಮಾತಾಡ್ದೆ ಹೋಗೋರು. ಮೊದಲ್ನೇ ವರ್ಷ ಹೊಡಿಯಕ್ಕೋಗಿದ್ದೆ ಮೇಡಂ ನಾನು. ಆಮೇಲ್ ಆಮೇಲೆ ಬೈಯದ್ ಬುಟ್ಟೆ. ಆದ್ರೆ ಆರು ವರ್ಷದಲ್ಲಿ ಒಂದ್ ಲೋಟ ನೀರು ಕೊಡ್ಲಿಲ್ಲ. ಒಂದ್ಸಲ ಅವ್ರೇ ಕೇಳಿದ್ರು, ನೀರು. ಇಲ್ಲ ಅಂದೆ. ನಮ್ಮನೆ ನಲ್ಲೀನಲ್ಲಿ ನೀರು ಬರ್ತಿತ್ತು, ಅವ್ರ ಮುಂದೇನೆ.”

ಅವರು ಹಾಗೆ ಪ್ರತಿ ವರ್ಷವೂ ಹೋಗಿ ಬರುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ನಾನು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟೆ. ನನ್ನನ್ನು ಬೈಯಿರಿ ಎಂದೆ. ಅವನು ಬೈಯಲಿಲ್ಲ. ಡೌಟು ಇದೆ ಎಂದು ನನಗೆ ಅವತ್ತೇ ಒಂದು ಮಾತು ಹೇಳಿದ್ದರೆ ಬೇರೆ ಗಾಡಿ ಮಾಡಿಕೊಳ್ಳುತ್ತಿದ್ದೆನಲ್ಲ ಎಂದು ಮಾತ್ರ ಹೇಳಿದ. ಅದನ್ನೇ ಮತ್ತೆ ಹೇಳಿದ. ಆಮೇಲೆ ಎದ್ದು ತೋಟದ ಕಡೆ ಹೋದ. ಅವನ ಹೆಂಡತಿ ಆ ನೀರಿನ ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು.

ತಿಥಿಯ ದಿನ ಗುಬ್ಬಿಯ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಮ್ಮ ಗ್ಯಾರೇಜಿನವರೆಲ್ಲ ಬಂದಿದ್ದರು. ಅವರ ಫೋಟೋಗೆ ಹಾರ ಹಾಕಿ, ಮುಂದೆ ಎಡೆ ಇಟ್ಟು, ಪಕ್ಕದಲ್ಲಿ ಯಾರೋ ಎರಡು ತುಂಡು ಸೀಮೆಸುಣ್ಣ ಇಟ್ಟಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು, ನಿನ್ನ ವಿಷಯ ಹೇಳುತ್ತಿದ್ದರು ಕಣವ್ವ, ಕೌಂಟರಿನ ಹುಡುಗಿ ಚುರುಕು ಎನ್ನುತ್ತಿದ್ದರು ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮೇಷ್ಟ್ರು ಮನೆಯಲ್ಲೂ ಹೇಳಿರಲಿಲ್ಲ.

ಎರಡನೇ ಪಂಕ್ತಿ ಏಳುವ ಹೊತ್ತಿಗೆ ಅವನು ಬಂದ. ಗೇಟಿನ ಹೊರಗೆ ಆ ಗಾಡಿ ನಿಲ್ಲಿಸಿ, ಚಪ್ಪಲಿ ದೂರ ಬಿಟ್ಟು, ಯಾರನ್ನೂ ನೋಡದೆ ನೇರವಾಗಿ ಫೋಟೋದ ಮುಂದೆ ಹೋಗಿ ನಿಂತ. ನಮಸ್ಕಾರ ಮಾಡಲಿಲ್ಲ, ಹೂ ಹಾಕಲಿಲ್ಲ. ಊಟಕ್ಕೆ ಕೂತ್ಕಳಿ ಎಂದು ಯಾರೋ ಕರೆದರು. ಅವನು ಮೇಷ್ಟ್ರ ಹೆಂಡತಿಯ ಹತ್ತಿರ ಬಂದ.

“ಅಮ್ಮ, ಒಂದ್ ಲೋಟ ನೀರು ಕೊಡಿ,” ಎಂದ.

ಅವರು ಒಳಗಿನಿಂದ ಸ್ಟೀಲಿನ ಚೊಂಬು ಲೋಟ ತಂದು ಬಗ್ಗಿಸಿ ಕೊಟ್ಟರು. ಅವನು ನಿಂತೇ ಪೂರ್ತಿ ಕುಡಿದ. ಲೋಟವನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟು, ನಾನು ಒಂದು ಮಾರು ದೂರದಲ್ಲಿದ್ದರೂ ನನ್ನ ಕಡೆ ತಿರುಗದೆ ಹೊರಗೆ ಹೋದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆದದ್ದು ಕೇಳಿಸಿತು.

“ಯಾರವ್ವ ಆ ಯಪ್ಪ? ನಮ್ ಕಡೆಯವ್ರಲ್ಲ,” ಎಂದರು ಅವರ ಹೆಂಡತಿ, ಲೋಟ ಹಿಡಿದುಕೊಂಡೇ.

ಗುಬ್ಬಿಗೆ ಹೊರಡುವಾಗ ಹೇಳಬೇಕಾದ್ದೆಲ್ಲ ಹೇಳಿ ಮುಗಿಯಿತು ಎಂದುಕೊಂಡು ಬಂದಿದ್ದೆ. ಅವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದೆ. ಮೊದಲಿನಿಂದ ಶುರು ಮಾಡಿದೆ.